ದ್ರಾಕ್ಷಿಗೆ ಗುಲಾಬಿಯ ಘಮ ಬಂದದ್ದು

ಬೆಟ್ಟಗಳಿನ್ನೂ ಬೆಳೆಯುತ್ತಿದ್ದವು, ನದಿಗಳಿನ್ನೂ ದಾರಿ ಹುಡುಕುತ್ತಿದ್ದವು. ಲೋಕ ಅಷ್ಟು ಹೊಸದಾಗಿದ್ದ ಕಾಲ ಅದು.

ಫ್ರಾನ್ಸ್ ದೇಶದ ಅಂಚಿನಲ್ಲಿ, ವೋಜ್ ಬೆಟ್ಟಕ್ಕೂ ರೈನ್ ನದಿಗೂ ನಡುವೆ ಅಲ್ಸಾಸ್ ಎಂಬ ಸೀಮೆ. ಅಲ್ಲಿ ಸಲೋಮೆ ಅಜ್ಜಿಯ ತೋಟದಲ್ಲಿ ಒಂದು ದ್ರಾಕ್ಷಿ ಬಳ್ಳಿ. ಹೆಸರು ಗೆವುರ್ಟ್ಸ್‌ಟ್ರಮೀನರ್. ನಾಲಿಗೆ ತೊಡರಿತೇ? ಬಿಡಿ, ಬಳ್ಳಿ ಅನ್ನೋಣ. ಅದರ ಹಣ್ಣು ಆಗ ತಿಳಿಹಸಿರು. ಸಿಹಿಯೇನೋ ಇತ್ತು, ಘಮ ಇರಲಿಲ್ಲ.

ಬಳ್ಳಿ ಸಾಲಿನ ತುದಿಯಲ್ಲಿ ಅಜ್ಜಿ ಒಂದು ಗುಲಾಬಿ ನೆಟ್ಟಿದ್ದಳು. ದಿನಾ ಬೆಳಗ್ಗೆ ಬಂದವಳೇ ಅದರ ಮುಂದೆ ಬಗ್ಗುವಳು. ಎಲೆಗೆ ಮೂಗು ತಾಗುವಷ್ಟು ಬಗ್ಗುವಳು. ಬಳ್ಳಿಯ ಕಡೆ ಸುಮ್ಮನೆ ಕಣ್ಣು ಹಾಯಿಸಿ ಹೊರಟುಬಿಡುವಳು.

ಬಳ್ಳಿಗೆ ಹೊಟ್ಟೆ ಉರಿಯಿತು. ಒಂದು ದಿನ ಉರಿಯಿತು, ಮರುದಿನವೂ ಉರಿಯಿತು. "ಗೊಂಚಲು ಗೊಂಚಲು ಹಣ್ಣು ಕೊಡೋಳು ನಾನು. ಮುದ್ದು ಮಾತ್ರ ಆ ಮುಳ್ಳಿನ ಗಿಡಕ್ಕೆ!"

"ಅವಳು ಬಗ್ಗೋದು ಮುದ್ದಿಗಲ್ಲ ಕಣೇ..." ಎಂದಿತು ಗುಲಾಬಿ.

"ಸಾಕು ಸುಮ್ಮನಿರೇ, ವಯ್ಯಾರಗಿತ್ತಿ!"

ಬಳ್ಳಿ ಬೆಟ್ಟಕ್ಕೆ ಮೊರೆಯಿಟ್ಟಿತು. "ಬೆಟ್ಟಣ್ಣ, ಮೋಡಗಳನ್ನ ನಿನ್ನ ಆಚೆಗೇ ತಡೆದುಬಿಡು. ನನ್ನ ಬೇರು ಆಳಕ್ಕಿದೆ, ನಾನು ಬದುಕ್ತೀನಿ. ಅವಳು ಒಣಗಲಿ."

"ಯೋಚನೆ ಮಾಡಮ್ಮ. ಮೋಡಕ್ಕೆ ಒಂದು ಸಲ ದಾರಿ ರೂಢಿಯಾದರೆ ಆಮೇಲೆ ಬದಲಾಗಲ್ಲ."

"ಬದಲಾಗೋದೇ ಬೇಡ."

"ನನ್ನ ನೀರಷ್ಟೂ ಸುರಿದರೂ ಹೊಟ್ಟೆಕಿಚ್ಚು ಆರಲ್ಲ," ಎಂದು ರೈನ್ ನದಿ ಗೊಣಗಿತು. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಳೆ ನಿಂತಿತು. ಗುಲಾಬಿಯ ಹೂ ಉದುರಿತು, ಎಲೆ ಮುದುರಿತು. ಬಳ್ಳಿಗೆ ಹಬ್ಬವೋ ಹಬ್ಬ. ನಾಳೆ ಅಜ್ಜಿ ತನ್ನ ಮುಂದೆಯೇ ಬಗ್ಗುತ್ತಾಳೆ ಎಂದು ಕಾದಿತು.

ಮರುದಿನವೂ ಅಜ್ಜಿ ಗುಲಾಬಿಯ ಮುಂದೆಯೇ ಬಗ್ಗಿದಳು. ಮುದುರಿದ ಎಲೆಯನ್ನು ಮಗುಚಿ ನೋಡಿದಳು. ಹಿಟ್ಟು ಚೆಲ್ಲಿದ ಹಾಗೆ ಬಿಳಿ ಬಿಳಿ.

"ಅಯ್ಯೋ, ಬೂದಿ ರೋಗ! ತೊಳೆದು ಹಾಕೋಕೆ ಮಳೆಯೂ ಇಲ್ಲ," ಎಂದು ಕೂಗಿದಳು. "ಬಳ್ಳಿಗೆ ಹರಡೋ ಮೊದಲು ನಿನಗೇ ತಗಲಿಸಿಕೊಂಡು ನನಗೆ ತಿಳಿಸಿದೆಯಲ್ಲ ತಾಯಿ. ಅದಕ್ಕೇ ಅಲ್ವಾ ನಿನ್ನನ್ನ ಇಲ್ಲಿ ನೆಟ್ಟಿದ್ದು, ದಿನಾ ನಿನ್ನ ಎಲೆ ನೋಡಿದ್ದು. ಈಗಲೇ ಗಂಧಕದ ಪುಡಿ ಎರಚಿದರೆ ನನ್ನ ಬಳ್ಳಿ ಉಳಿಯುತ್ತೆ."

ಬಳ್ಳಿ ಉಳಿಯಿತು. ಆದರೆ ಅದಕ್ಕೆ ಎಂಥ ನಾಚಿಕೆಯಾಯಿತೆಂದರೆ, ತಿಳಿಹಸಿರು ಹಣ್ಣುಗಳೆಲ್ಲ ನಸುಗೆಂಪಾಗಿಬಿಟ್ಟವು. "ಬೆಟ್ಟಣ್ಣ, ಮೋಡ ಬಿಡು, ಒಂದೇ ಒಂದು ಮಳೆ!" ಎಂದು ಗೋಗರೆಯಿತು. ಮೋಡಗಳಿಗೆ ಆಚೆಯ ದಾರಿಯೇ ರೂಢಿಯಾಗಿತ್ತು.

"ಅಕ್ಕಾ, ನಿನ್ನನ್ನ ನಾನೇ ಕೊಂದೆ."

"ಹೌದು, ನೀನೇ," ಎಂದಿತು ಗುಲಾಬಿ. ಅದಕ್ಕೂ ಸಿಟ್ಟಿತ್ತು. "ನನ್ನ ಘಮ ಮಣ್ಣುಪಾಲಾಗೋದು ಬೇಡ, ತಗೋ. ಹೊಟ್ಟೆಕಿಚ್ಚಿನ ಕಹಿ ಒಂದು ಚೂರು ನಿನ್ನಲ್ಲೇ ಇರಲಿ. ಮರೀಬೇಡ."

ಅಷ್ಟು ಹೇಳಿ ಗುಲಾಬಿ ಒಣಗಿತು.

ಮರುದಿನ ಅಜ್ಜಿ ಬಳ್ಳಿಯ ಮುಂದೆ ಬಗ್ಗಿದಳು. ಹಣ್ಣಿಗೆ ಮೂಗು ತಾಗುವಷ್ಟು ಬಗ್ಗಿದಳು. ಘಮ ಎಳೆದುಕೊಂಡು ಕಣ್ಣೊರೆಸಿಕೊಂಡಳು.

"ನನ್ನ ಗುಲಾಬಿ," ಎಂದಳು.

ಅದಕ್ಕೇ ಮಕ್ಕಳೇ, ಅಲ್ಸಾಸ್‌ನ ಮಳೆ ಇಂದಿಗೂ ಬೆಟ್ಟದ ಆಚೆಗೇ ಹೆಚ್ಚು ಸುರಿಯುತ್ತದೆ. ಆ ದ್ರಾಕ್ಷಿಯ ವೈನು ಗುಲಾಬಿಯಂತೆ ಘಮಘಮಿಸಿ, ನಸುಸಿಹಿಯಾಗಿ, ಕೊನೆಗೆ ಒಂದು ಚೂರು ಕಹಿಯೆಂದು ಕುಡಿದ ದೊಡ್ಡವರು ಹೇಳುತ್ತಾರೆ. ನೀವು ಹೋದರೆ ಸಾಲಿನ ತುದಿಯಲ್ಲಿ ಇಂದಿಗೂ ನೆಡುವ ಗುಲಾಬಿಯನ್ನೂ, ಅದರ ಪಕ್ಕದಲ್ಲಿ ಇನ್ನೂ ನಾಚಿಕೊಂಡೇ ನಿಂತಿರುವ ನಸುಗೆಂಪು ಗೊಂಚಲುಗಳನ್ನೂ ಕಾಣುತ್ತೀರಿ.