ಊಟ ಆಯ್ತಾ ಅಂದವನಿಗೆ ಉತ್ತರ

ಮುಚ್ಚಿದ ಮನಸ್ಸನ್ನೂ ಓದಬಲ್ಲ ತಂದೆ ಶಿವನೇ, ನಿನ್ನ ಪಾದಕ್ಕೆ ಶರಣು. ಕೂತು ಕೇಳುವವರನ್ನು ಕಾಯಪ್ಪಾ.

ಒಂದೂರಲ್ಲಿ ನೀಲವ್ವ. ಅವಳಿಗೊಬ್ಬನೇ ಮಗ, ಅಡಿವೆಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದಕ್ಕೇ ಅವನ ಸಂಗಡ ಯಾರೂ ಕೂಡುತ್ತಿರಲಿಲ್ಲ. ಒಬ್ಬನೇ ಕಂಪ್ಯೂಟರಿನ ಮುಂದೆ ಕೂತು ಒಂದು ಪ್ರೋಗ್ರಾಂ ಬರೆದ. ಪತ್ರಕ್ಕೆ ಬೀಗ ಹಾಕುವ ಪ್ರೋಗ್ರಾಂ. ಕಳಿಸಿದವನು, ಪಡೆದವನು ಬಿಟ್ಟರೆ ಯಾರಿಗೂ ಓದಲಾಗದು. ಅದನ್ನು ಒಳಗಿನ ಕೋಡಿನ ಸಮೇತ, ಯಾರು ಬೇಕಾದರೂ ತಿದ್ದಲಿ ಅಂತ, ಲೋಕಕ್ಕೆಲ್ಲ ಪುಕ್ಕಟೆ ಕೊಟ್ಟ.

ದೂರದ ನಾಡಿನ ಫರ್ಹಾದ್ ಎಂಬವನು ಅದರ ತಪ್ಪು ತಿದ್ದಿ ಕಳಿಸುತ್ತಿದ್ದ. ಅಡಿವೆಪ್ಪ ಕಲಿಸಿದ ಕನ್ನಡದಲ್ಲಿ ದಿನಾ ಕೇಳುತ್ತಿದ್ದ, “ಊಟ ಆಯ್ತಾ?” ತಾಯಿಯನ್ನು ಬಿಟ್ಟರೆ ಹಾಗೆ ಕೇಳುವವನು ಅವನೊಬ್ಬನೇ.

ರಫ್ತು ಕಚೇರಿಯ ಸಾಹೇಬರ ಫೋನು ಬಂತು. “ಏನಪ್ಪಾ, ಬೀಗದ ಪ್ರೋಗ್ರಾಂ ಗಡಿ ದಾಟಿಸ್ತೀಯಾ? ನಮಗೆ ಬರೆದು ತಿಳಿಸಬೇಕು!”

ಅಡಿವೆಪ್ಪ ಬರೆದ. ಬೀಗ ಹಾಕಿಯೇ ಕಳಿಸಿದ.

“ಒಂದಕ್ಷರ ಓದಲಾಗಲಿಲ್ಲ!” ಸಾಹೇಬರು ಕೂಗಿದರು.

ನೀಲವ್ವ ಹಣೆ ಬಡಿದುಕೊಂಡಳು. “ಎಲಾ ಮಗನ! ಸರಕಾರಕ್ಕೆ ಬೀಗ ಹಾಕ್ತಾರೇನೋ? ಬೀಗ ತಗದು ಕಳಸಬೇಕು!”

“ಹೂನವ್ವಾ.”

ಫರ್ಹಾದನ ಹೆಸರೂ ಸೇರಿಸಿ ಸಾಹೇಬರಿಗೆ ಬೀಗವಿಲ್ಲದೆ ಬರೆದ. ಮುಂದಿನ ಸಲ ಲೋಕಕ್ಕೆ ಪ್ರೋಗ್ರಾಂ ತಿದ್ದಿ ಕೊಡುವಾಗಲೂ ಬೀಗ ತೆಗೆದೇ ಕಳಿಸಿದ! ಎಲ್ಲರ ಪತ್ರಗಳೂ ಬಟಾಬಯಲು. “ಹೆಂಡತಿಗೆ ಬರೆದದ್ದನ್ನ ಮಾವ ಓದಿಬಿಟ್ಟನಲ್ಲಯ್ಯಾ!” ಎಂದು ಒಬ್ಬ ಬೈದ.

ಸಾಹೇಬರು ಮತ್ತೆ ಫೋನು ಮಾಡಿದರು. “ಮೊದಲು ಬೀಗ ಹಾಕಪ್ಪಾ! ಎಲ್ಲರಿಗೂ ಕೊಡು. ಫರ್ಹಾದನ ನಾಡಿಗೆ ಮಾತ್ರ ನಿರ್ಬಂಧ ಇದೆ. ಅಲ್ಲಿಗೆ ಏನೂ ಕಳಿಸಬೇಡ!”

“ಹೂನ್ರಿ.”

ಫರ್ಹಾದ್ ಬರೆದ, “ಊಟ ಆಯ್ತಾ?” ಇವನು ಏನೂ ಕಳಿಸಲಿಲ್ಲ. ಮರುದಿನ ಬರೆದ, “ಹುಷಾರಿದ್ದೀಯಾ?” ಏನೂ ಕಳಿಸಲಿಲ್ಲ. ಆಮೇಲೆ ಬರೆದ, “ನನ್ನ ಮೇಲೆ ಸಿಟ್ಟಾ?” ಅಡಿವೆಪ್ಪ ತಟ್ಟೆಯ ಮುಂದೆ ಕೂತು ಅತ್ತ. ಉಣ್ಣಲಿಲ್ಲ.

ನೀಲವ್ವ ತಾನೇ ಫೋನು ಹಚ್ಚಿದಳು. “ಸಾಹೇಬ್ರ, ಊಟ ಆತು ಅನ್ನಾಕೂ ಕಾಯ್ದೆ ಅಡ್ಡ ಐತೇನ್ರಿ?”

“ಇಲ್ಲಮ್ಮಾ! ಬೀಗ ಕಳಿಸಬಾರದು, ಅಷ್ಟೇ. ಮಾತನ್ನ ಎಲ್ಲರ ಕಣ್ಣಿಗೂ ಬೀಳೋ ಹಾಗೆ ದೊಡ್ಡದಾಗಿ ಬರೀಲಿ ಬಿಡಿ!”

ಬೆಳಗಾದರೆ ಮಗ ಮನೆಯೊಳಗಿಲ್ಲ. ನೀಲವ್ವ ಮಾಳಿಗೆ ಹತ್ತಿದಳು. ಚಾವಣಿಯ ಈ ತುದಿಯಿಂದ ಆ ತುದಿಗೆ ಸುಣ್ಣದಲ್ಲಿ ಬರೆದಿದ್ದಾನೆ: ‘ಫರ್ಹಾದಣ್ಣಾ, ಊಟ ಆಯ್ತು. ನಿಂದು?’ ತುದಿಗಾಲಲ್ಲಿ ನಿಂತು ದೂರ ನೋಡುತ್ತಿದ್ದಾನೆ.

“ಏನ್ ನೋಡಾಕತ್ತೀಯೋ?”

“ಅವನ ಮಾಳಿಗಿ, ಯವ್ವಾ. ಅವನೂ ಉತ್ತರ ಬರೆದಿರ್ತಾನಲ್ಲ!”

ನೀಲವ್ವ ಬೈಯಲಿಲ್ಲ. ರೊಟ್ಟಿ ತಂದು ಪಕ್ಕದಲ್ಲಿ ಕೂತಳು. “ಊಟ ಆಯ್ತು ಅಂತ ಬರೆದೀಯಲ್ಲ. ಉಣ್ಣು, ಸುಳ್ಳಾಗಬಾರದು.”

ಅವನು ಉಂಡ, ದೂರದಿಂದ ಕಣ್ಣು ಕೀಳದೆ.

ಕೇಳಿದ ನಿಮಗೆಲ್ಲ ಹೊತ್ತು ಹೊತ್ತಿಗೆ ಊಟವಾಗಲಿ. ಆಯ್ತಾ ಎಂದು ಕೇಳುವ ಒಂದು ದನಿಯನ್ನು ಶಿವ ಎಲ್ಲರಿಗೂ ಕರುಣಿಸಲಿ.