ಐದೂವರೆಯ ಬಸ್ಸು

ಬಿಳಿಕಲ್ಲ ಹಳ್ಳಕ್ಕೆ ಕಟ್ಟಿದ ಡ್ಯಾಮಿನ ಹಿನ್ನೀರಿನ ಅಂಚಿನಲ್ಲಿ ಸರಕಾರಿ ಬಸ್ಸು ತಿರುಗಿ ನಿಲ್ಲುವ ಜಾಗವಿದೆ. ಅಲ್ಲೊಂದು ಕಲ್ಲಿನ ಕಟ್ಟೆ. ಕಟ್ಟೆಯ ಹಿಂದೆ ಒಂದು ಕೋಣೆ, ಒಂದು ಪಡಸಾಲೆ. ಅದೇ ಗದಿಗಯ್ಯಜ್ಜನವರ ಮಠ.

ಮಠ ಎಂದೊಡನೆ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಅಲ್ಲಿ ಪಲ್ಲಕ್ಕಿ ಇರಲಿಲ್ಲ, ಪ್ರವಚನವೂ ಇರಲಿಲ್ಲ. ಅಜ್ಜ ಕಲಿಸುತ್ತಿದ್ದದ್ದು ಒಂದೇ ವಿದ್ಯೆ, ನಡೆಯುವುದು.

ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಪೇಟೆಯಿಂದ ಹದಿನೈದಿಪ್ಪತ್ತು ಜನ ಬರುತ್ತಿದ್ದರು. ಅಜ್ಜ ಅವರನ್ನು ಹಿನ್ನೀರಿನ ದಂಡೆಗುಂಟ ಕರೆದೊಯ್ದು, ಹದ್ದಿನಗುಡ್ಡ ಹತ್ತಿಸಿ, ಇನ್ನೊಂದು ಮಗ್ಗುಲಿಂದ ಇಳಿಸಿ ತಂದು ಐದೂವರೆಯ ಬಸ್ಸಿಗೆ ಕೂಡಿಸುತ್ತಿದ್ದರು. ಅದು ಕಡೆಯ ಬಸ್ಸು. ಅದು ತಪ್ಪಿದರೆ ಮರುದಿನ ಬೆಳಗಿನವರೆಗೆ ಡ್ಯಾಮಿನ ನೀರು ನೋಡುತ್ತ ಕೂತಿರಬೇಕು.

ಅವರಲ್ಲಿ ಒಂದು ಪದ್ಧತಿ ಇತ್ತು. ಬಸ್ಸಿಳಿದವರು ನೀರಿನ ಅಂಚಿನಿಂದ ಒಂದೊಂದು ಕಲ್ಲು ಆರಿಸಿ ತಂದು ಕಟ್ಟೆಯ ಮೇಲಿಡಬೇಕು. ಸಂಜೆ ಮರಳಿ ಬಂದವರು ತಮ್ಮ ತಮ್ಮ ಕಲ್ಲನ್ನು ನೀರಿಗೆ ಹಾಕಿ ಬಸ್ಸು ಹತ್ತಬೇಕು. ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ಕಟ್ಟೆಯ ಮೇಲೆ ಕಲ್ಲು ಉಳಿದರೆ ಗುಡ್ಡದ ಮೇಲೆ ಯಾರೋ ಉಳಿದಿದ್ದಾರೆ ಎಂದರ್ಥ. ಆಗ ಕರೆದೊಯ್ದವನು ಬಸ್ಸು ಬಿಟ್ಟು ಗುಡ್ಡಕ್ಕೆ ಮರಳಬೇಕು.

ಶಿವಪುತ್ರ ಅಜ್ಜನವರ ಹಿಂದೆ ಎಂಟು ವರ್ಷದಿಂದ ನಡೆಯುತ್ತಿದ್ದ. ಪೇಟೆಯಲ್ಲಿ ಅವನದು ಗಡಿಯಾರ ರಿಪೇರಿ ಅಂಗಡಿ. ಗುಡ್ಡದ ಒಂದೊಂದು ತಿರುವೂ ಅವನ ತಲೆಯಲ್ಲಿ ನಿಮಿಷಗಳಾಗಿ ಕೂತಿತ್ತು. ದಂಡೆಯ ದಾರಿ ಐವತ್ತು ನಿಮಿಷ, ಬಂಡೆಯ ಏರು ನಲವತ್ತು, ಬನ್ನಿಗಿಡದಿಂದ ಕಟ್ಟೆಗೆ ಇಳಿಯಲು ಇಪ್ಪತ್ತೈದು.

ಆ ವರ್ಷ ಅಜ್ಜನವರ ಮೊಣಕಾಲು ಸೋತವು. ಇನ್ನು ಮೇಲೆ ಶಿಷ್ಯರಲ್ಲಿ ಯಾರಾದರೊಬ್ಬರು ಜನರನ್ನು ಕರೆದೊಯ್ಯಬೇಕು ಎಂದರು.

ಆ ಜಾಗ ತನಗೇ ಸಿಗಬೇಕೆಂದು ಶಿವಪುತ್ರನಿಗೆ ಆಸೆ. ಇನ್ನಾವುದನ್ನೂ ಅವನು ಅಷ್ಟು ಬಯಸಿದವನಲ್ಲ. ಬಾಯಿಬಿಟ್ಟು ಕೇಳಲಿಲ್ಲ, ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ, ಹಾಗೆ ಹೊಸ ಬೂಟು ಕೊಂಡ, ಕೊರಳಿಗೊಂದು ಸೀಟಿಯನ್ನೂ ಕಟ್ಟಿಕೊಂಡ.

ಕಾರ್ತಿಕದ ಒಂದು ಭಾನುವಾರ ಅಜ್ಜ ಪಡಸಾಲೆಯಿಂದ ಏಳಲೇ ಇಲ್ಲ. ಇವತ್ತು ನೀನೇ ಕರೆದುಕೊಂಡು ಹೋಗು ಎಂದು ಶಿವಪುತ್ರನಿಗೆ ಹೇಳಿದರು.

"ಹೆಂಗ ಕರಕೊಂಡು ಹೋಗಬೇಕ್ರಿ, ಅಜ್ಜಾರ?"

"ಕರಕೊಂಡು ಹೋಗೋದು ದೊಡ್ಡದಲ್ಲ. ಕರಕೊಂಡು ಬಾ."

ಆ ದಿನ ಕಟ್ಟೆಯ ಮೇಲೆ ಹದಿನೆಂಟು ಕಲ್ಲು ಕೂತವು. ಹದಿನೆಂಟನೆಯದು ಬಿಳಿ ಗೆರೆಯ ಕೆಂಪು ಕಲ್ಲು, ಕಾಶವ್ವನದು. ಪೇಟೆಯ ಗುಡಿಯ ಮುಂದೆ ಹೂ ಮಾರುವ ಕಾಶವ್ವನಿಗೆ ಅದು ಎರಡನೆಯ ಭಾನುವಾರ. ತೂಕದ ಹೆಂಗಸು, ನಡಿಗೆ ನಿಧಾನ. ಸಾಲದ್ದಕ್ಕೆ ದಾರಿಯಲ್ಲಿ ಸಿಕ್ಕ ಪ್ರತಿ ಗಿಡವನ್ನೂ ನಿಂತು ಮಾತಾಡಿಸುವ ಚಾಳಿ ಬೇರೆ.

ಶಿವಪುತ್ರ ಸೀಟಿ ಊದುತ್ತ ಮುಂದೆ ನಡೆದ. ಜನ ಹಿಂದೆ ನಡೆದರು. ಒಂದು ಗಂಟೆಗೆ ತುದಿ ಮುಟ್ಟಬೇಕು ಎಂದುಕೊಂಡಿದ್ದ, ಒಂದಕ್ಕೇ ಮುಟ್ಟಿದ. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಉಳಿದವರು ರೊಟ್ಟಿ ತಿಂದು ಗಂಟು ಕಟ್ಟುವ ಹೊತ್ತಿಗೆ ಕಾಶವ್ವ ಏದುಸಿರು ಬಿಡುತ್ತ ಬಂದಳು. ಬೇಗ ಬೇಗ ಹೆಜ್ಜೆ ಹಾಕಬೇಕು ಎಂದು ಅವನು ಗದರಿದ. ಗುಡ್ಡವೇನು ಓಡಿ ಹೋಗುತ್ತದೆಯೇ ತಮ್ಮಾ ಎಂದು ಅವಳು ನಕ್ಕಳು. ಗುಡ್ಡ ಓಡುವುದಿಲ್ಲ, ಬಸ್ಸು ಓಡುತ್ತದೆ ಎಂದು ಅವನು ಎದ್ದ. ಅವಳ ರೊಟ್ಟಿ ಇನ್ನೂ ಅರ್ಧ ಉಳಿದಿತ್ತು.

ಇಳಿಯುವಾಗ ಅವನು ಮತ್ತೆ ಮತ್ತೆ ನೋಡಿಕೊಂಡದ್ದು ಕೈಗಡಿಯಾರವನ್ನು. ಹಿಂದೆ ಬರುವವರನ್ನು ನೋಡಲಿಲ್ಲ.

ಐದೂಕಾಲಿಗೆ ಎಲ್ಲರೂ ಕಟ್ಟೆಯ ಬಳಿ ಇದ್ದರು. ಎಲ್ಲರೂ ಎಂದು ಅವನು ತಿಳಿದಿದ್ದ. ಒಬ್ಬೊಬ್ಬರಾಗಿ ತಮ್ಮ ಕಲ್ಲು ಎತ್ತಿ ನೀರಿಗೆ ಹಾಕಿ ಬಸ್ಸು ಹತ್ತಿದರು. ಕೊನೆಗೆ ಕಟ್ಟೆಯ ಮೇಲೆ ಬಿಳಿ ಗೆರೆಯ ಕೆಂಪು ಕಲ್ಲೊಂದೇ ಉಳಿಯಿತು.

ಶಿವಪುತ್ರ ಗುಡ್ಡದ ದಾರಿಯ ಕಡೆ ನೋಡಿದ, ಯಾರೂ ಕಾಣಲಿಲ್ಲ.

ಅಂದು ಗುಡ್ಡ ಹತ್ತಿದವರಲ್ಲೊಬ್ಬನಾದ ಖಾನಾವಳಿಯ ಚನ್ನಬಸು ಬಸ್ಸಿನ ಬಾಗಿಲಲ್ಲಿ ನಿಂತಿದ್ದ. ಕಾಶವ್ವ ಕೆಳದಾರಿ ಹಿಡಿದು ಜಾಲಿಗಿಡದ ಕ್ರಾಸಿಗೆ ಹೋಗುತ್ತೇನೆ ಅಂದ ಹಾಗಿತ್ತು, ಇದೇ ಬಸ್ಸು ಅಲ್ಲೂ ನಿಲ್ಲುತ್ತದಲ್ಲ ಎಂದ. ಅಂದಳೋ, ಅಂದ ಹಾಗಿತ್ತೋ ಎಂದು ಶಿವಪುತ್ರ ವಿಚಾರಿಸಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು.

ಡ್ರೈವರ್ ಎಂಜಿನ್ ಚಾಲೂ ಮಾಡಿದ. ಮಠದ ಬಾಗಿಲು ಕಿರುಗುಟ್ಟಿತು. ಮೊದಲ ದಿನವೇ ಕಟ್ಟೆಯ ಮೇಲೆ ಕಲ್ಲು ಉಳಿಯಿತೆಂದರೆ ಆ ಜಾಗ ಇನ್ನು ತನಗೆ ಸಿಗಲಾರದು ಎಂದುಕೊಂಡ.

ಅವನು ಕಲ್ಲನ್ನೆತ್ತಿ ನೀರಿಗೆ ಎಸೆದ.

ಅಜ್ಜ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

"ಎಲ್ಲಾರೂ ಬಂದ್ರೇನು?"

"ಬಂದಾರ್ರಿ, ಅಜ್ಜಾರ."

ಅಜ್ಜ ಬಸ್ಸಿನ ಕಿಟಕಿಗಳನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

"ಹಂಗಾದ್ರ ಹತ್ತು. ಬಸ್ಸು ಹೊಂಟೈತಿ."

ಬಸ್ಸಿನಲ್ಲಿ ಜನ ಅವನನ್ನು ಹೊಗಳಿದರು. ಅಜ್ಜನವರ ಕಾಲದಲ್ಲಿ ಓಡೋಡಿ ಬಂದು ಬಸ್ಸು ಹಿಡಿಯುತ್ತಿದ್ದೆವು, ಇವತ್ತು ಬೂಟು ಬಿಚ್ಚಿ ಮಣ್ಣು ಕೊಡವುವಷ್ಟು ಸಮಯ ಸಿಕ್ಕಿತು ಎಂದರು. ಅವನು ಹೂಂ ಎಂದ. ಕಣ್ಣು ಮಾತ್ರ ಮುಂದಿನ ದಾರಿಯ ಮೇಲಿತ್ತು.

ಜಾಲಿಗಿಡದ ಕ್ರಾಸ್ ಬಂತು. ಹುಲ್ಲಿನ ಹೊರೆಯ ಮುದುಕನೊಬ್ಬ ಹತ್ತಿದ. ಬೇರೆ ಯಾರೂ ಇರಲಿಲ್ಲ. ಚನ್ನಬಸು ಆಚೆ ಬದಿಯ ಕಿಟಕಿಯಲ್ಲಿ ಏನನ್ನೋ ನೋಡತೊಡಗಿದ.

ಸುಮ್ಮನೆ ಕೂತರೆ ಮುಗಿಯಿತು ಎಂದು ಶಿವಪುತ್ರನಿಗೆ ಅನ್ನಿಸಿತು. ಕಲ್ಲು ನೀರಿನಲ್ಲಿದೆ, ಕೇಳುವವರಿಲ್ಲ. ಕಂಡಕ್ಟರ್ ರೈಟ್ ಎಂದ. ಬಸ್ಸು ಅಲುಗಿತು. ಅವನು ಎದ್ದು ನಿಂತ.

ಊರಿಗೆ ಟಿಕೆಟ್ ತೆಗೆಸಿ ಇಲ್ಲೇಕೆ ಇಳಿಯುತ್ತೀರಿ ಎಂದು ಕಂಡಕ್ಟರ್ ಕೇಳಿದ.

"ಗುಡ್ಡದಾಗ ಬಿಟ್ಟು ಬಂದೀನ್ರಿ."

"ಏನು, ಚೀಲಾನ?"

"ಮನಷ್ಯಾರನ್ನ."

ಕ್ರಾಸಿನಿಂದ ಮಠಕ್ಕೆ ಮೂರು ಮೈಲಿ. ಅವನು ಓಡಿದ, ನಡೆದ, ಮತ್ತೆ ಓಡಿದ. ಮುಟ್ಟುವ ಹೊತ್ತಿಗೆ ಮುಚ್ಚಂಜೆ. ಮಠದ ಬಾಗಿಲು ಹಾಕಿತ್ತು. ಬಾಗಿಲ ಪಕ್ಕದ ಮೊಳೆಗೆ ತೂಗುಬಿಟ್ಟಿರುತ್ತಿದ್ದ ಬ್ಯಾಟರಿ ದೀಪ ಅಲ್ಲಿರಲಿಲ್ಲ.

ಆ ಸೋತ ಮೊಣಕಾಲಲ್ಲೇ ಅಜ್ಜ ಗುಡ್ಡ ಹತ್ತಿದ್ದಾರೆ ಎಂಬುದು ಹೊಳೆದಾಗ ಅವನಿಗೆ ಅಳು ಬಂತು. ಅಳುತ್ತಲೇ ಹತ್ತಿದ.

ಬನ್ನಿಗಿಡದ ತಿರುವಿನಲ್ಲಿ ಬೆಳಕು ಕಾಣಿಸಿತು. ಕಾಶವ್ವ ಬಂಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಹಿಮ್ಮಡಿಯ ಹತ್ತಿರ ಊದಿಕೊಂಡಿತ್ತು. ಅದಕ್ಕೆ ಅಜ್ಜನವರ ಹೆಗಲ ವಸ್ತ್ರ ಬಿಗಿದಿತ್ತು. ಅಜ್ಜ ಪಕ್ಕದಲ್ಲಿ ತಮ್ಮ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು.

"ಬಾ ತಮ್ಮಾ," ಎಂದಳು ಕಾಶವ್ವ. "ನಿನ್ನ ಸೀಟಿ ಕೇಳಸ್ತಿತ್ತು. ನೀ ಕಾಣಲಿಲ್ಲ ನೋಡು."

ಶಿವಪುತ್ರ ಅವಳ ಮುಂದೆಯೇ ಅಜ್ಜನವರ ಕಾಲು ಹಿಡಿದ.

"ಸುಳ್ಳ ಹೇಳಿದೆನ್ರಿ, ಅಜ್ಜಾರ."

"ಗೊತ್ತೈತಿ."

"ಹೆಂಗ ಗೊತ್ತಾತ್ರಿ? ಕಟ್ಟಿ ಮ್ಯಾಲ ಕಲ್ಲ ಇರಲಿಲ್ಲಲ್ರಿ."

"ನಾ ಎಂದ ಕಲ್ಲ ನೋಡೀನೋ? ಬಸ್ಸ ಹತ್ತೋರ ಮಾರಿ ನೋಡ್ತೀನಿ."



"ಮತ್ತ ನನ್ನ ಯಾಕ ನಿಲ್ಲಸಲಿಲ್ರಿ?"

"ಬಸ್ಸಿನ ಹೊತ್ತಾಗಿತ್ತು," ಎಂದರು ಅಜ್ಜ.

ಅವನು ಕಾಶವ್ವನನ್ನು ಬೆನ್ನ ಮೇಲೆ ಹೊತ್ತ. ಅಜ್ಜ ಅವನ ತೋಳು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟರು. ಇಪ್ಪತ್ತೈದು ನಿಮಿಷದ ಆ ಇಳಿಜಾರಿಗೆ ಎಷ್ಟು ಹೊತ್ತು ಹಿಡಿಯಿತೋ ಅವನು ನೋಡಿಕೊಳ್ಳಲಿಲ್ಲ. ಬೆನ್ನ ಮೇಲಿನಿಂದ ಕಾಶವ್ವ ಇದು ಲಕ್ಕಿ, ಇದು ತಂಗಡಿ ಎಂದು ಕತ್ತಲಲ್ಲೂ ಗಿಡಗಳ ಗುರುತು ಹೇಳುತ್ತಿದ್ದಳು.

ಮರುದಿನ ಬೆಳಗಿನ ಬಸ್ಸಿಗೆ ಅವಳನ್ನು ಕರೆದೊಯ್ದು ಮನೆ ಮುಟ್ಟಿಸಿದ. ಆ ವಾರವೆಲ್ಲ ಅಂಗಡಿಯಲ್ಲಿ ಅವನ ಕೈ ಓಡಲಿಲ್ಲ.

ಮುಂದಿನ ಭಾನುವಾರ ಕಾಶವ್ವನನ್ನು ಬಿಟ್ಟು ಉಳಿದ ಹದಿನೇಳು ಜನ ಬಂದರು. ಶಿವಪುತ್ರ ಬಸ್ಸಿನಿಂದ ಕೊನೆಗೆ ಇಳಿದ. ಇಳಿದವನೇ ಎಲ್ಲರ ಎದುರು ನಿಂತು, ತಾನು ಕಾಶವ್ವನ ಕಲ್ಲು ಎಸೆದದ್ದು, ಅಜ್ಜನವರಿಗೆ ಸುಳ್ಳು ಹೇಳಿದ್ದು, ಎರಡನ್ನೂ ಬಚ್ಚಿಡದೆ ಹೇಳಿದ. ಜನರನ್ನು ಕರೆದೊಯ್ಯುವ ಯೋಗ್ಯತೆ ತನಗಿಲ್ಲ, ಇನ್ನು ಆ ಆಸೆಯೂ ಇಲ್ಲ ಎಂದ.

ಆಸೆ ಇಲ್ಲ ಎಂದದ್ದು ಮಾತ್ರ ಪೂರ್ತಿ ನಿಜವಲ್ಲ.

ಅಜ್ಜ ಕಟ್ಟೆಯ ಮೇಲೆ ಕೂತು ಕೇಳಿದರು. ಕೇಳಿದ ಮೇಲೆ ಅವನ ಕಡೆ ಕೈ ತೋರಿಸಿ, ಇವತ್ತು ಇವನೇ ನಿಮ್ಮನ್ನು ಕರೆದೊಯ್ಯುತ್ತಾನೆ ಎಂದರು.

ಜನ ಮುಖ ಮುಖ ನೋಡಿಕೊಂಡರು. ಶಿವಪುತ್ರ ತಲೆ ಎತ್ತಲಿಲ್ಲ. ಕಡೆಗೆ ಚನ್ನಬಸು ಬಾಯಿ ತೆರೆದ.

"ತಪ್ಪ ತಿಳೀಬ್ಯಾಡ್ರಿ ಅಜ್ಜಾರ. ಸುಳ್ಳ ಹೇಳಿದವನ ಹಿಂದ ನಾವು ಗುಡ್ಡ ಹತ್ತೋದು ಹೆಂಗ್ರಿ?"

ಅಜ್ಜ ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತರು.

"ಸುಳ್ಳ ಹೇಳಿದವ ಅವತ್ತ ನಿಮ್ಮ ಕೂಡ ಬಸ್ಸಿನ್ಯಾಗ ಹೋದ. ಇವ ನಡುದಾರ್‍ಯಾಗ ಇಳದ ಬಂದವ."