ಟಾರ್ಚಿನ ಖಾಲಿ ಮೊಳೆ

ನನಗೂ ನಮ್ಮತ್ತೆಗೂ ದಿನಾ ಜಟಾಪಟಿ. ಆದರೆ ಈ ಒಂದು ವಿಷಯದಲ್ಲಿ ನಾನು ಅವರ ಸೊಸೆ ಅಂತ ಎದೆಯುಬ್ಬಿಸಿ ಹೇಳುತ್ತೇನೆ.

ವಿಮಾನ ರಿಪೇರಿ ಶೆಡ್ಡಿನಲ್ಲಿ ಮೆಕ್ಯಾನಿಕ್‌ಗಳಿಗೆ ಸ್ಪ್ಯಾನರು, ಟಾರ್ಚಿನಂಥ ಸಾಮಾನು ಕೊಟ್ಟು ವಾಪಸ್ ಇಸಿದುಕೊಳ್ಳುವುದು ಅತ್ತೆಯ ಕೆಲಸ. ಗೋಡೆಯಲ್ಲಿ ಒಂದೊಂದು ಸಾಮಾನಿಗೂ ಒಂದೊಂದು ಮೊಳೆ. ಒಂದೇ ಒಂದು ಮೊಳೆ ಖಾಲಿಯಿದ್ದರೂ ವಿಮಾನ ಹೊರಡುವಂತಿಲ್ಲ. ಆ ಸಾಮಾನು ವಿಮಾನದೊಳಗೇ ಉಳಿದುಬಿಟ್ಟಿದ್ದರೆ?

ಒಮ್ಮೆ ಒಂದು ವಿಮಾನದ ಚಕ್ರದ ಬೋಲ್ಟನ್ನು ಪರೀಕ್ಷಿಸಲೇಬೇಕಿತ್ತು. ಮ್ಯಾನೇಜರ್ ಸಾಹೇಬರು ಬಂದು ಗುಡುಗಿದರು: "ಪರೀಕ್ಷೆ ನಾಳೆ ಮಾಡಿ. ಜನ ಕಾಯ್ತಿದ್ದಾರೆ, ವಿಮಾನ ಕಳಿಸಿ!"

ಮೆಕ್ಯಾನಿಕ್ ಮುನಿಕೃಷ್ಣ, ಪರೀಕ್ಷಿಸದೆ ಕಳಿಸುವುದು ಬೇಡವೆಂದ. "ನೀನು ನನಗೆ ಹೇಳ್ತೀಯಾ?" ಎಂದು ಅವನ ಬಾಯಿ ಮುಚ್ಚಿಸಿದರು.

ಅತ್ತೆ ಮೆಲ್ಲಗೆ, "ಸಾರ್, ಒಂದು ಟಾರ್ಚು ವಾಪಸ್ ಬಂದಿಲ್ಲ" ಅಂದರು.

ಸಾಹೇಬರ ಮುಖ ಬಿಳಿಚಿತು. ಟಾರ್ಚು ಕಳೆದರೆ ಅವರ ಕುತ್ತಿಗೆಗೇ ಬರುತ್ತದೆ. "ಕೆಲಸ ನಡೆದದ್ದು ಚಕ್ರದ ಹತ್ತಿರ, ಅದರ ಗೂಡು ಬಿಚ್ಚಿ! ಮೂಲೆ ಮೂಲೆ ಹುಡುಕಿ!"

ಹುಡುಕಿದರು. ಟಾರ್ಚು ಸಿಗಲಿಲ್ಲ. ಬೋಲ್ಟಿನಲ್ಲಿ ಬಿರುಕು ಸಿಕ್ಕಿತು. ಮುನಿಕೃಷ್ಣ ಹೊಸ ಬೋಲ್ಟು ಹಾಕಿದ.

ಸಾಹೇಬರು ಬೆವರು ಒರೆಸಿಕೊಂಡು, "ಹಾಗಾದ್ರೆ ಟಾರ್ಚೆಲ್ಲಿ?" ಅಂದರು.

"ನಿಮ್ಮ ಕಾರಲ್ಲಿ ಸಾರ್. ಬೆಳಿಗ್ಗೆ ಸೀಟಿನ ಕೆಳಗೆ ಕನ್ನಡಕ ಹುಡುಕೋಕೆ ನೀವೇ ಒಯ್ದಿದ್ರಿ."

"ಆಗಲೇ ಯಾಕಮ್ಮ ಹೇಳಲಿಲ್ಲ?"

"ಎಲ್ಲಿ ಅಂತ ನೀವು ಕೇಳಲಿಲ್ಲ, ಗೂಡು ಬಿಚ್ಚಿ ಅಂದ್ರಿ. ಅಷ್ಟು ಒಳ್ಳೇ ಮಾತಿಗೆ ನಾನ್ಯಾಕೆ ಅಡ್ಡ ಬರಲಿ ಸಾರ್?"

ಸಾಹೇಬರು ಕಾರಿಗೆ ಹೋಗಿ, ಟಾರ್ಚು ತಂದು ಅತ್ತೆಯ ಕೈಗೆ ಕೊಡಲು ಬಂದರು.

"ಕೈಗೆ ಬೇಡ ಸಾರ್, ಮೊಳೆಗೆ ಹಾಕಿ. ಆಮೇಲೆ ನಿಮ್ಮ ವಿಮಾನ ಹೊರಡಲಿ."

ಹಾಕಿದರು.